ಯೋಬನ ಗೆಳೆಯರು ಬಾಯಿ ತೆರೆದ ಮೇಲೆ

1940ರಲ್ಲಿ ಸಿ. ಎಸ್. ಲೂಯಿಸ್ ನೋವಿನ ಸಮಸ್ಯೆಯನ್ನು ಕುರಿತು ಒಂದು ಪುಸ್ತಕ ಬರೆದರು. ದೇವರು ಒಳ್ಳೆಯವನೂ ಸರ್ವಶಕ್ತನೂ ಆಗಿದ್ದರೆ ಲೋಕದಲ್ಲಿ ಇಷ್ಟು ಸಂಕಟ ಏಕೆ ಎಂಬ ಹಳೆಯ ಪ್ರಶ್ನೆಗೆ ಅದರಲ್ಲಿ ಅಚ್ಚುಕಟ್ಟಾದ ಉತ್ತರಗಳಿವೆ. ಇಪ್ಪತ್ತು ವರ್ಷಗಳ ಬಳಿಕ ಅವರ ಹೆಂಡತಿ ಜಾಯ್ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ, ಎನ್. ಡಬ್ಲ್ಯು. ಕ್ಲರ್ಕ್ ಎಂಬ ಹೆಸರಿನಲ್ಲಿ, ದುಃಖದ ದಿನಗಳ ಒಂದು ಸಣ್ಣ ಪುಸ್ತಕ ಹೊರಬಂತು. ಬರೆದವರು ಲೂಯಿಸರೇ. ಆದರೆ ಹಳೆಯ ಪುಸ್ತಕದ ನಿಶ್ಚಿಂತೆ ಅಲ್ಲಿಲ್ಲ. ನಂಬಿಕೆ ಉಳಿದಿದೆ, ಮೈತುಂಬ ಗಾಯ ಹೊತ್ತುಕೊಂಡು.

ಸಂಕಟದ ಬಗ್ಗೆ ಕ್ರೈಸ್ತ ತತ್ತ್ವಚಿಂತನೆ ಹದಿನಾರು ಶತಮಾನಗಳಲ್ಲಿ ನಡೆದ ದಾರಿಯೂ ಹೆಚ್ಚುಕಡಿಮೆ ಇದೇ ಎಂದು ನನಗೆ ಅನ್ನಿಸುತ್ತದೆ. ವಿವರಣೆಯಿಂದ ಹೊರಟು ಅದು ಮೊರೆಯ ಬಳಿಗೆ ಬಂದು ನಿಂತಿದೆ.

ಬುನಾದಿ ಹಾಕಿದವರು ಉತ್ತರ ಆಫ್ರಿಕದ ಸಂತ ಅಗಸ್ಟೀನ್ (354–430). ಕುರುಡುತನವೆಂದರೆ ನೋಟದ ಕೊರತೆಯಾಗಿರುವಂತೆ ಕೇಡೆಂದರೆ ಒಳಿತಿನ ಕೊರತೆ, ಅದಕ್ಕೆ ತನ್ನದೇ ಆದ ಇರವು ಇಲ್ಲ, ಅದು ಹುಟ್ಟಿದ್ದು ಸೃಷ್ಟಿಯಾದ ಜೀವಗಳ ಇಚ್ಛೆ ದಾರಿ ತಪ್ಪಿದ್ದರಿಂದ ಎಂದು ಅವರು ವಾದಿಸಿದರು. ಥಾಮಸ್ ಅಕ್ವಿನಾಸ್ ಇದನ್ನು ಇನ್ನಷ್ಟು ಹದಗೊಳಿಸಿದರು. ಆದರೆ ತಮ್ಮ ಆತ್ಮನಿವೇದನೆಯ ನಾಲ್ಕನೇ ಭಾಗದಲ್ಲಿ ಎಳವೆಯ ಗೆಳೆಯನ ಸಾವನ್ನು ನೆನೆಯುವ ಅಗಸ್ಟೀನರ ದನಿಯೇ ಬೇರೆ. ಅಲ್ಲಿ ಮಾತಾಡುವುದು ಅಳು. ಮುಂದಿನವರು ಅವರಿಂದ ವಾದವನ್ನು ಪಡೆದುಕೊಂಡಷ್ಟು ಆ ಅಳುವನ್ನು ಪಡೆದುಕೊಳ್ಳಲಿಲ್ಲ.

ವಾದದ ತುತ್ತತುದಿ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಜ್. 1710ರ ಗ್ರಂಥದಲ್ಲಿ ಅವರು ಈ ವಿಚಾರಕ್ಕೆ 'ಥಿಯೊಡಿಸಿ' ಎಂಬ ಹೆಸರನ್ನೇ ಕೊಟ್ಟರು. ದೇವರ ನ್ಯಾಯದ ಸಮರ್ಥನೆ ಎಂದು ಅದರ ಅರ್ಥ. ಸಾಧ್ಯವಿದ್ದ ಎಲ್ಲ ಲೋಕಗಳಲ್ಲಿ ದೇವರು ಆರಿಸಿಕೊಂಡದ್ದು ಅತ್ಯುತ್ತಮವಾದುದನ್ನೇ ಎಂಬುದು ಅವರ ನಿಲುವು. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚುಗಳಲ್ಲಿದ್ದಾಗ ಲಿಸ್ಬನ್ ನಗರದ ನೆಲ ನಡುಗಿತು. ಕಡಲು ಉಕ್ಕಿ ಬಂತು, ಅಳಿದುಳಿದದ್ದು ಬೆಂಕಿಗೆ ಹೋಯಿತು. ಈ ದುರಂತದ ಹಿನ್ನೆಲೆಯಲ್ಲಿ ವೋಲ್ಟೇರ್ ನಾಲ್ಕು ವರ್ಷಗಳ ನಂತರ ತಮ್ಮ 'ಕ್ಯಾಂಡೀಡ್' ಕಥೆಯಲ್ಲಿ ಲೈಬ್ನಿಜರ ತತ್ತ್ವವನ್ನು ಚಿಂದಿ ಮಾಡಿದರು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1791ರಲ್ಲಿ ಕಾಂಟ್ ಬರೆದ ಪುಟ್ಟ ಪ್ರಬಂಧ. ತತ್ತ್ವಶಾಸ್ತ್ರ ಮಾಡಿದ ಇಂಥ ಸಮರ್ಥನೆಗಳೆಲ್ಲ ಸೋತಿವೆ ಎಂದು ತೀರ್ಪು ಕೊಟ್ಟ ಅವರು, ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳುವ ಯೋಬನ ಪಕ್ಷ ವಹಿಸಿದರು. ಯೋಬನನ್ನು ಸಂತೈಸಲು ಬಂದ ಗೆಳೆಯರು ದೇವರನ್ನು ಮೆಚ್ಚಿಸಲು ಮಾತಾಡಿದರು, ಯೋಬನಾದರೋ ತನಗೆ ಅನ್ನಿಸಿದ್ದನ್ನು ಪ್ರಾಮಾಣಿಕವಾಗಿ ಹೇಳಿದ.

ಮನುಷ್ಯನ ಹಿರಿಮೆಯನ್ನೂ ದೈನ್ಯವನ್ನೂ ಒಟ್ಟಿಗೆ ಹಿಡಿದು ನೋಡಿದ ಪ್ಯಾಸ್ಕಲ್ (1623–1662) ಇದಕ್ಕೂ ಮೊದಲೇ ಬೇರೆ ಹಾದಿ ತುಳಿದಿದ್ದರು. 1654ರ ನವೆಂಬರಿನ ಒಂದು ರಾತ್ರಿ ತಮಗಾದ ದೈವಾನುಭವವನ್ನು ಚೀಟಿಯಲ್ಲಿ ಬರೆದು ಅಂಗಿಯೊಳಗೆ ಹೊಲಿದುಕೊಂಡಿದ್ದರು. ಅದು ಬೇರೆಯವರ ಕಣ್ಣಿಗೆ ಬಿದ್ದದ್ದು ಅವರು ಸತ್ತ ಮೇಲೆ. ಡೆನ್ಮಾರ್ಕಿನ ಕೀರ್ಕೆಗಾರ್ಡ್ 1843ರಲ್ಲಿ ಮಗನನ್ನು ಬಲಿ ಕೊಡಲು ಹೊರಟ ಅಬ್ರಹಾಮನ ಮೂರು ದಿನಗಳ ಪಯಣವನ್ನು ಮತ್ತೆ ಮತ್ತೆ ಹೇಳಿ, ನಂಬುವುದೆಂದರೆ ನಡುಕದ ಕೆಲಸವೆಂದು ತೋರಿಸಿಕೊಟ್ಟರು. ದೇವರ ಮೇಲಿದ್ದ ಮೊಕದ್ದಮೆ ಅಲ್ಲಿಂದಾಚೆ ಮನುಷ್ಯನ ಒಳಗಿನ ಹತಾಶೆಯ ಪರೀಕ್ಷೆಯಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸುವವರು ಫ್ರಾನ್ಸಿನ ಸಿಮೋನ್ ವೇಯ್ (1909–1943). ತತ್ತ್ವಶಾಸ್ತ್ರದ ಅಧ್ಯಾಪಕಿಯಾಗಿದ್ದ ಅವರು 1934ರ ಕೊನೆಯಲ್ಲಿ ರಜೆ ಹಾಕಿ ಕಾರ್ಖಾನೆಯ ಕೂಲಿಯಾದರು. ತೀವ್ರ ತಲೆನೋವಿನಲ್ಲೇ ಯಂತ್ರದ ಮುಂದೆ ನಿಂತು ದುಡಿದರು. ನೋವು ಬೇರೆ, 'ಮಲೂರ್' ಬೇರೆ ಎಂಬ ಅವರ ವಿವೇಚನೆ ಅಲ್ಲಿ ಪಟ್ಟ ಪಾಡಿನಿಂದ ಹುಟ್ಟಿದ್ದು. ಹಲ್ಲುನೋವು ಬಂದು ಹೋಗುತ್ತದೆ. ಮಲೂರ್ ದೇಹ, ಮನಸ್ಸು, ಸಮಾಜದಲ್ಲಿರುವ ಸ್ಥಾನ, ಈ ಮೂರನ್ನೂ ಒಮ್ಮೆಗೇ ಜಜ್ಜಿ, ತಾನು ಮನುಷ್ಯನೇ ಅಲ್ಲವೇನೋ ಎಂಬ ಭಾವ ತುಂಬುತ್ತದೆ. ನಿರಪರಾಧಿಗೂ ತಪ್ಪಿತಸ್ಥನೆಂಬ ಅಳುಕು ಹತ್ತುತ್ತದೆ. ಅಂಥವರಿಗೆ ಕೊಡಬೇಕಾದದ್ದು ಅವಧಾನ, ಅಂದರೆ ನಮ್ಮ ಮಾತನ್ನು ಬದಿಗಿಟ್ಟು ಅವರ ಪಾಡನ್ನು ನೋಡುವುದು. ಸಂಸ್ಕೃತ ಕಲಿತು ಗೀತೆಯನ್ನು ಮೂಲದಲ್ಲೇ ಓದಿದ, ಕ್ರಿಸ್ತನನ್ನು ಪ್ರೀತಿಸಿಯೂ ಚರ್ಚಿನ ಹೊಸ್ತಿಲಲ್ಲೇ ನಿಂತ ಈ ಹೆಣ್ಣುಮಗಳು ಇಂಗ್ಲೆಂಡಿನ ಆ್ಯಶ್‌ಫರ್ಡಿನಲ್ಲಿ ತಮ್ಮ 34ನೇ ವಯಸ್ಸಿನಲ್ಲಿ ತೀರಿಕೊಂಡರು.

ಎರಡನೇ ಮಹಾಯುದ್ಧದ ನಂತರ ಪ್ರಶ್ನೆಯೇ ಬದಲಾಯಿತು. ದೇವರು ನೋವಿಗೆ ಅತೀತನೆಂಬ ಹಳೆಯ ನಂಬಿಕೆಯನ್ನು 1946ರಲ್ಲಿ ಜಪಾನಿನ ಕಜೋ ಕಿತಾಮೋರಿ ದೇವರ ನೋವಿನ ಬಗ್ಗೆಯೇ ಬರೆದು ಅಲುಗಿಸಿದರು. 1943ರಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬು ಸುರಿದಾಗ ಪಕ್ಕದಲ್ಲಿದ್ದ ಗೆಳೆಯ ಸತ್ತು ತಾನು ಉಳಿದ ಹುಡುಗ ಯುರ್ಗನ್ ಮೋಲ್ಟ್‌ಮನ್, 1972ರಲ್ಲಿ ಶಿಲುಬೆಗೇರಿದ ದೇವರನ್ನು ಕುರಿತು ಬರೆದರು. ನರಳುವವನ ಜೊತೆಗೆ ದೇವರೂ ನರಳುತ್ತಾನೆ ಎಂಬುದು ಅವರ ಮಾತಿನ ಸಾರ. ಜೊತೆಗೆ ನರಳಿದರೆ ಸಾಕೇ, ಬಿಡಿಸಬೇಡವೇ ಎಂಬ ಆಕ್ಷೇಪ ಇನ್ನೂ ಜೀವಂತವಾಗಿದೆ.

ತರ್ಕದ ಹಾದಿಯೂ ನಿಂತಿಲ್ಲ. ದೇವರೂ ಕೇಡೂ ಒಟ್ಟಿಗೆ ಇರುವುದು ಅಸಂಗತವೆಂದು ಜೆ. ಎಲ್. ಮ್ಯಾಕಿ 1955ರಲ್ಲಿ ವಾದಿಸಿದರೆ, ಆಲ್ವಿನ್ ಪ್ಲಾಂಟಿಂಗ 1974ರಲ್ಲಿ ಸ್ವತಂತ್ರ ಇಚ್ಛೆಯ ಆಧಾರದಿಂದ ಅದಕ್ಕೆ ಗಟ್ಟಿ ಮರುತ್ತರ ಕೊಟ್ಟರು. ಅವರ ಸಹೋದ್ಯೋಗಿಯಾಗಿದ್ದ ತತ್ತ್ವಜ್ಞಾನಿ ನಿಕೊಲಸ್ ವೊಲ್ಟರ್‌ಸ್ಟಾರ್ಫ್ 1983ರಲ್ಲಿ ಪರ್ವತಾರೋಹಣದ ಅವಘಡದಲ್ಲಿ ಮಗನನ್ನು ಕಳೆದುಕೊಂಡರು. 1987ರಲ್ಲಿ ಅವರು ಪ್ರಕಟಿಸಿದ್ದು ಒಂದು ಶೋಕಗೀತ. ಅದರಲ್ಲಿ ಸಮರ್ಥನೆ ಇಲ್ಲ.

ಈ ಚಿಂತನೆಗೆ ಬೆಂಗಳೂರಿನಲ್ಲೂ ಒಂದು ಮಜಲು ಉಂಟು. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರಕ್ಕೆ ಚಾಲನೆ ಸಿಕ್ಕಿತು. ಜಾತಿಯ ನೋವು ಬಿಡಿಸಬೇಕಾದ ಒಗಟಾಗಿ ಉಳಿಯದೆ, ದೇವರನ್ನು ಅರಿಯುವ ನೆಲೆಯೇ ಆಯಿತು. ಮನುಷ್ಯರೇ ಹೇರಿದ ಸಂಕಟಕ್ಕೆ ದೇವರ ಕಡೆಯಿಂದ ಸಮಜಾಯಿಷಿ ಹುಡುಕುವುದೇ ತಪ್ಪು ಎಂಬ ಅರಿವು ಇಲ್ಲಿಯಷ್ಟು ತೀಕ್ಷ್ಣವಾಗಿ ಬೇರೆ ಕಡೆ ನನಗೆ ಸಿಕ್ಕಿಲ್ಲ.

ಓದು ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು ಯೋಬನ ಗ್ರಂಥವನ್ನೇ. ಕನ್ನಡ ಬೈಬಲಿನಲ್ಲಿ ಎರಡನೇ ಅಧ್ಯಾಯದ ಕೊನೆಗೆ ಹೋಗಿ. ಗೆಳೆಯರು ಏಳು ಹಗಲು, ಏಳು ರಾತ್ರಿ ಒಂದು ಮಾತೂ ಆಡದೆ ಅವನೊಂದಿಗೆ ನೆಲದ ಮೇಲೆ ಕುಳಿತಿದ್ದರು. ಅಲ್ಲಿಂದ ಮುಂದಕ್ಕೆ ನಿಧಾನವಾಗಿ ಓದಿ.