ಹೆಸರಿನೊಳಗಿನ ಸ್ಪೇಸ್: ಕಮಾಂಡ್ ಲೈನ್ ಸಂರಚನೆಯ ಒಂದು ಹಳೆಯ ತೊಡಕಿನ ಇತಿಹಾಸ

ಫೈಲಿನ ಹೆಸರಿನಲ್ಲಿ ಸ್ಪೇಸ್ ಇರಬಾರದೆಂಬ ಕಟ್ಟಳೆ ಯುನಿಕ್ಸ್ ಕರ್ನಲ್‌ನಲ್ಲಿಲ್ಲ. ಹೆಸರಿನಲ್ಲಿ ಅದು ಒಪ್ಪದಿರುವುದು ಓರೆಗೆರೆ ಮತ್ತು ಶೂನ್ಯ ಬೈಟ್, ಈ ಎರಡನ್ನೇ. ಪ್ರೋಗ್ರಾಂ ಒಂದನ್ನು ಚಾಲೂ ಮಾಡುವಾಗಲೂ ಆರ್ಗ್ಯುಮೆಂಟುಗಳನ್ನು ಬಿಡಿಬಿಡಿಯಾದ ಪಟ್ಟಿಯಾಗಿಯೇ ಕೈಗಿಡುತ್ತದೆ. ತೊಡಕು ಶುರುವಾಗುವುದು ಅದರ ಮೇಲೆ ಕೂತ ಶೆಲ್‌ನಲ್ಲಿ. ಟೈಪ್ ಮಾಡಿದ ಸಾಲನ್ನು ಸ್ಪೇಸ್ ಕಂಡಲ್ಲೆಲ್ಲ ತುಂಡರಿಸುವುದು ಶೆಲ್‌ನ ಕೆಲಸ.

1979ರಲ್ಲಿ ಯುನಿಕ್ಸ್‌ನ ಏಳನೇ ಆವೃತ್ತಿಯ ಜೊತೆ ಬಂದ ಸ್ಟೀಫನ್ ಬೋರ್ನ್ ಅವರ ಶೆಲ್, ಉದ್ಧರಣ ಚಿಹ್ನೆಯಿಲ್ಲದ ವೇರಿಯಬಲ್‌ನ ಮೌಲ್ಯವನ್ನು ತುಂಬಿದ ಮೇಲೆ ಅದನ್ನು ಮತ್ತೊಮ್ಮೆ ತುಂಡರಿಸುತ್ತದೆ. ಒಂದೇ ವೇರಿಯಬಲ್‌ನಲ್ಲಿ ಹಲವು ಹೆಸರುಗಳನ್ನು ಇಡಲು ಇದರಿಂದ ಅನುಕೂಲವಾಯಿತು. ಸ್ಪೇಸ್ ಇರುವ ಒಂದೇ ಹೆಸರನ್ನು ಇಡುವವರಿಗೆ ಮಾತ್ರ ಕಷ್ಟವಾಯಿತು. ಅದಕ್ಕೂ ಮುಂಚೆ, 1976ರಲ್ಲಿ, ಸ್ಟುವರ್ಟ್ ಫೆಲ್ಡ್‌ಮನ್ ಬರೆದ 'ಮೇಕ್' ಕೂಡ ಸ್ಪೇಸನ್ನೇ ಹೆಸರುಗಳ ನಡುವಿನ ಗಡಿಯೆಂದು ಹಿಡಿಯಿತು. ಇಂದಿಗೂ ಅದರಲ್ಲಿ ಅಂಥ ಹೆಸರುಗಳ ನಿರ್ವಹಣೆ ಸರಿಹೋಗಿಲ್ಲ.

ಆಗಸ್ಟ್ 1995ರಲ್ಲಿ ಬಂದ ವಿಂಡೋಸ್ 95, 'ಪ್ರೋಗ್ರಾಂ ಫೈಲ್ಸ್' ಎಂಬ ಫೋಲ್ಡರನ್ನು ಮನೆಮನೆಗೆ ತಲುಪಿಸಿತು. ವಿಂಡೋಸ್‌ನಲ್ಲಿ ಹೊಸ ಪ್ರೋಗ್ರಾಂಗೆ ಸಿಗುವುದು ಇಡೀ ಸಾಲು. ಅದನ್ನು ಬಿಡಿಸಿಕೊಳ್ಳುವುದು ಆ ಪ್ರೋಗ್ರಾಂನದೇ ಹೊಣೆ. ಸರ್ವಿಸ್ ಒಂದರ ಪಾಥನ್ನು ಉದ್ಧರಣ ಚಿಹ್ನೆಯಿಲ್ಲದೆ ರಿಜಿಸ್ಟ್ರಿಯಲ್ಲಿ ಬರೆದರೆ, ವಿಂಡೋಸ್ ಮೊದಲು ಸಿ ಡ್ರೈವ್‌ನ ಬುಡದಲ್ಲೇ 'ಪ್ರೋಗ್ರಾಂ' ಎಂಬ ಎಕ್ಸಿಕ್ಯೂಟಬಲ್ ಇದೆಯೇ ಎಂದು ಹುಡುಕುತ್ತದೆ. ಅಲ್ಲಿ ಫೈಲ್ ಇಡಬಲ್ಲವನ ಕೋಡ್ ಆ ಸರ್ವಿಸ್‌ನ ಅಧಿಕಾರದಲ್ಲೇ ಓಡುತ್ತದೆ. ಇದು ಭದ್ರತಾ ಲೋಪಗಳ ಪಟ್ಟಿಯಲ್ಲಿ ದಾಖಲಾಗಿರುವ ದೋಷ.

ಯುನಿಕ್ಸ್ ಕಡೆಯ ಪೆಟ್ಟು ಇನ್ನೂ ನೇರ. 2001ರ ನವೆಂಬರ್‌ನಲ್ಲಿ ಆಪಲ್‌ನ ಐಟ್ಯೂನ್ಸ್ 2.0 ಇನ್‌ಸ್ಟಾಲರ್, ಹೆಸರಿನಲ್ಲಿ ಸ್ಪೇಸ್ ಇದ್ದ ಡಿಸ್ಕ್ ಜೋಡಿಸಿದ್ದ ಕೆಲವು ಕಂಪ್ಯೂಟರ್‌ಗಳಲ್ಲಿ ಮಾಹಿತಿಯನ್ನು ಅಳಿಸಿಹಾಕಿತು. ಅಳಿಸುವ ಆಜ್ಞೆಯಲ್ಲಿ ವೇರಿಯಬಲ್‌ನ ಸುತ್ತ ಉದ್ಧರಣ ಚಿಹ್ನೆ ಇರಲಿಲ್ಲ. ಕಂಪನಿ ಅದನ್ನು ಹಿಂತೆಗೆದುಕೊಂಡು 2.0.1 ಬಿಡುಗಡೆ ಮಾಡಿತು. ಎಷ್ಟೋ ಜನರ ಮಾಹಿತಿಗೆ ಆ ಎರಡು ಚಿಹ್ನೆಗಳಷ್ಟೇ ಕಾವಲಾಗಿದ್ದವು ಎಂಬುದು ಇಂದಿಗೂ ಕಳವಳ ಹುಟ್ಟಿಸುವ ಸಂಗತಿ.

ಸಂರಚನಾ ಫೈಲುಗಳಲ್ಲಿ ಒಂದೊಂದು ಸಾಧನಕ್ಕೂ ಒಂದೊಂದು ರೂಢಿ. ಲಿನಕ್ಸ್‌ನ ಎಫ್‌ಎಸ್‌ಟ್ಯಾಬ್‌ನಲ್ಲಿ ಸ್ಪೇಸ್‌ಗೆ ಬದಲಾಗಿ \040 ಎಂದು ಬರೆಯಬೇಕು. ಗಿಟ್ ತನ್ನ ಎಡಿಟರ್ ಸೆಟ್ಟಿಂಗನ್ನು ಶೆಲ್‌ಗೆ ಒಪ್ಪಿಸುತ್ತದೆ. ಆದ್ದರಿಂದ 'ಪ್ರೋಗ್ರಾಂ ಫೈಲ್ಸ್' ಒಳಗಿನ ಎಡಿಟರನ್ನು ಸೂಚಿಸುವವರು ಹೊರಗೆ ಜೋಡಿ ಉದ್ಧರಣ, ಒಳಗೆ ಪಾಥ್‌ನ ಸುತ್ತ ಒಂಟಿ ಉದ್ಧರಣ ಹಾಕಬೇಕು. ಹೊರಗಿನದನ್ನು ಟೈಪ್ ಮಾಡುವ ಹೊತ್ತಿನ ಶೆಲ್ ತೆಗೆದುಬಿಡುತ್ತದೆ. ಒಳಗಿನದು ಎಡಿಟರ್ ತೆರೆಯುವ ಹೊತ್ತಿಗೆ ಬೇಕು. ಅದೇ ಗಿಟ್‌ನ 'ಗಿಟ್ ಎಸ್‌ಎಸ್‌ಎಚ್' ವೇರಿಯಬಲ್ ಬರೀ ಪ್ರೋಗ್ರಾಂನ ಪಾಥನ್ನಷ್ಟೇ ಒಪ್ಪುತ್ತದೆ, ಜೊತೆಗೆ ಆಯ್ಕೆಗಳನ್ನು ಸೇರಿಸಲು ಬಿಡುವುದಿಲ್ಲ. ಶೆಲ್ ಮೂಲಕ ಹಾಯುವ 'ಗಿಟ್ ಎಸ್‌ಎಸ್‌ಎಚ್ ಕಮಾಂಡ್' 2015ರಲ್ಲಿ, 2.3ನೇ ಆವೃತ್ತಿಯಲ್ಲಿ, ಪ್ರತ್ಯೇಕವಾಗಿ ಬಂತು. ಇದು ಪಾಥೋ, ಇಡೀ ಆಜ್ಞೆಯೋ ಎಂಬ ಪ್ರಶ್ನೆಯನ್ನು ಸಾಧನ ಮೊದಲೇ ಬಗೆಹರಿಸದಿದ್ದರೆ ಬಳಕೆದಾರ ಊಹಿಸುತ್ತಲೇ ಇರಬೇಕಾಗುತ್ತದೆ.

ಪರಿಹಾರ ಗೊತ್ತಿಲ್ಲದೆ ಉಳಿದ ಸಮಸ್ಯೆ ಇದಲ್ಲ. ಬೆಲ್ ಲ್ಯಾಬ್ಸ್‌ನಲ್ಲೇ ಟಾಮ್ ಡಫ್ ಬರೆದ 'ಆರ್‌ಸಿ' ಶೆಲ್‌ನಲ್ಲಿ ವೇರಿಯಬಲ್ ಎಂದರೆ ಪಟ್ಟಿ. ಒಮ್ಮೆ ಬಿಡಿಸಿದ್ದನ್ನು ಅದು ಮತ್ತೆ ತುಂಡರಿಸುವುದಿಲ್ಲ. ಡಾಕರ್‌ಫೈಲ್‌ನಲ್ಲಿ ಆಜ್ಞೆಯನ್ನು ಜೇಸನ್ ಪಟ್ಟಿಯಾಗಿ ಬರೆಯಬಹುದು. ಹೆಸರುಗಳನ್ನು ಶೂನ್ಯ ಬೈಟ್‌ನಿಂದ ಬೇರ್ಪಡಿಸುವ 'ಫೈಂಡ್' ಮತ್ತು 'ಎಕ್ಸ್‌ಆರ್ಗ್ಸ್' ಆಯ್ಕೆಗಳು ಗ್ನೂ ಸಾಧನಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದು, ಪಾಸಿಕ್ಸ್ ಮಾನದಂಡವನ್ನು ಸೇರಿದ್ದು 2024ರಲ್ಲಿ. ಹೊಸ ಸಾಧನ ಕಟ್ಟುವವರು ಸಂರಚನೆಯಲ್ಲಿ ಆಜ್ಞೆಯನ್ನು ಪಟ್ಟಿಯಾಗಿಯೇ ಪಡೆಯಲಿ, ಪಾಥ್ ಎಂದು ಪಡೆದದ್ದನ್ನು ಎಲ್ಲಿಯೂ ತುಂಡರಿಸದಿರಲಿ.