ಕಟ್ಟಿಗೆಯ ಸ್ವಂತ ಬಣ್ಣ

ಈಗ ಪ್ಯಾಟ್ಯಾಗ ಪ್ಲೈವುಡ್ ಮ್ಯಾಲೆ ಸಾಗವಾನಿಯ ತೆಳು ಪದರ ಅಂಟಿಸಿ ಕಪಾಟು ಮಾಡ್ತಾರ. ಅದಕ್ಕ ವಿನಿಯರ್ ಅಂತಾರ. ಆದರೆ ಒಂದರ ಮೈಗೆ ಇನ್ನೊಂದು ಕೂಡಿಸಿ ಚಂದ ಮಾಡುವ ವಿದ್ಯೆ ಹಳೇದು.

ಉದಗೀರಕ್ಕ ಸಮೀಪದ ಬೀದರ ಕೋಟೆಯೊಳಗ ರಂಗೀನ್ ಮಹಲ್ ಅದ. 1542ರಿಂದ 1580ರ ತನಕ ಆಳಿದ ಅಲಿ ಬರೀದ್ ಶಾಹ ಅದನ್ನು ಸಿಂಗರಿಸಿದ. ಅಲ್ಲಿ ಕೆತ್ತಿದ ಕಟ್ಟಿಗೆ ಕಂಬಗಳಿವೆ. ಕರಿಕಲ್ಲಿನೊಳಗ ಮುತ್ತಿನ ಚಿಪ್ಪು ಕೂಡಿಸ್ಯಾರ. ನೆಲ ಕರಿ ಇದ್ದುದಕ್ಕೇ ಚಿಪ್ಪು ಹೊಳೀತದ.

ಮೈಸೂರಿನ ಕುಶಲಿಗರು ಕಟ್ಟಿಗೆಯೊಳಗ ಕಟ್ಟಿಗೆ ಕೂಡಿಸಿದರು. ಬೀಟೆಗೆ, ಅಂದರೆ ನಮ್ಮ ಸೀಸಂಗೆ, ಕುಳಿ ತೋಡಿ ಹಲಸಿನಂಥ ಹಳದಿ ಮರದ ತೆಳು ತುಂಡು ಅಂಟಿಸ್ತಾರ. ಮರದ ಸ್ವಂತ ಬಣ್ಣ ನೋಡಿ ಆರಿಸ್ತಾರ. ಮೊದಲು ಆನೆದಂತವೂ ಇತ್ತು; 1912ರಲ್ಲಿ ಮುಗಿದ ಅರಮನೆಯ ಅಂಬಾವಿಲಾಸದ ಬಾಗಿಲೇ ಸಾಕ್ಷಿ.

ಬಣ್ಣದಂಗ ಗೆರೆಯನ್ನೂ ಆರಿಸಬೇಕು. ಒಂದೇ ದಿಮ್ಮಿಯನ್ನು ತಿರುಳಿನ ಕಡೆ ಸೀಳಿದರೆ ನೇರ ಗೆರೆ, ಬದಿಯಿಂದ ಸೀಳಿದರೆ ಗುಡ್ಡದಂಥ ಗೆರೆ ಬರ್ತದ. ಜೋಡಿ ಕದಕ್ಕ ಒಂದೇ ದಿಮ್ಮಿಯ ಅಕ್ಕಪಕ್ಕದ ಪದರ ಬೇಕು.

1993ರ ಸಪ್ಟೆಂಬರ್ 30ರ ಭೂಕಂಪದಾಗ ನಮ್ಮ ಉಮರ್ಗಾ ತಾಲೂಕಿನ ಕಲ್ಲುಮಣ್ಣಿನ ಮನೆಗಳು ಕುಸಿದವು, ಮಂದಿ ಸತ್ತರು. ಅಂಥ ಹಳೇ ಮನೆಯ ತೊಲೆ, ಕಂಬ, ಕದ ನಿಮ್ಮ ಹಿತ್ತಲದಾಗ ಇದ್ದರೆ ಒಲೆಗೆ ಹಾಕಬ್ಯಾಡ್ರಿ, ಗುಜರಿಗೆ ತೂಗಬ್ಯಾಡ್ರಿ. ಒಂದು ಬದಿ ಉಜ್ಜಿ ನೀರು ಹನಿಸಿ ನೋಡ್ರಿ, ಗೆರೆ ಎದ್ದು ಕಾಣ್ತಾವ. ಹುಳ ತಿನ್ನದ ಹಳೇ ಸಾಗವಾನಿ ಚಲೋ ಒಣಗಿರ್ತದ. ತೆಳುವಾಗಿ ಸೀಳಿಸಿದರೆ ಒಂದೇ ತೊಲೆ ಹಲವು ಕಪಾಟಿಗೆ ಸಾಲ್ತದ. ಹಿರಿಯರ ಮನಿ ಬಿತ್ತು. ಅದರ ಕಟ್ಟಿಗೆ ಮೊಮ್ಮಕ್ಕಳ ಮನ್ಯಾಗ ನಿಲ್ಲಲಿ.