ಶಿವನಸಮುದ್ರದ ಕರೆಂಟು, ಕೆಜಿಎಫ್‌ನ ಗಣಿ ಮತ್ತು ವೋಲ್ಟೇಜಿನ ಅಳತೆ

1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ ಹೊರಟ ಕರೆಂಟು 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು (ಕೆಜಿಎಫ್) ತಲುಪಿತು. ಅಷ್ಟು ಉದ್ದದ ಲೈನು ಆಗ ಜಗತ್ತಿನಲ್ಲೇ ಅಪರೂಪ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರ ಆಗಸ್ಟಿನಲ್ಲಿ. ಯೋಜನೆಗೆ ಬೆನ್ನೆಲುಬಾಗಿ ನಿಂತಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರ್ 1901ರಲ್ಲೇ ತೀರಿಕೊಂಡರು. ಲೈನಿಗೆ ಕರೆಂಟು ಹರಿದದ್ದನ್ನು ಅವರು ಕಾಣಲಿಲ್ಲ. ಎಂಜಿನಿಯರಿಂಗ್ ಹೊಣೆ ಹೊತ್ತವರು ಕೆನಡಾ ಮೂಲದ ಸೇನಾ ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೇರ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು.

ಅಲ್ಲಿಯವರೆಗೆ ಗಣಿಗಳು ನಡೆಯುತ್ತಿದ್ದುದು ಉಗಿಯಂತ್ರದ ಬಲದ ಮೇಲೆ. ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬೌರಿಂಗ್‌ಪೇಟೆಗೆ, ಎಂದರೆ ಇಂದಿನ ಬಂಗಾರಪೇಟೆಗೆ, ಬಂದು ಅಲ್ಲಿಂದ ಮಾರಿಕುಪ್ಪಮ್ ಕಡೆಯ ಕವಲು ದಾರಿ ಹಿಡಿಯಬೇಕಿತ್ತು. ಖರ್ಚು ವಿಪರೀತ. ಬೆಣಚುಕಲ್ಲನ್ನು ಕುಟ್ಟಿ ಪುಡಿಮಾಡುವ ಗಿರಣಿಗಳಿಗೆ, ಗಾಳಿ ಒತ್ತುವ ಕಂಪ್ರೆಸರ್‌ಗಳಿಗೆ ಹಗಲಿರುಳೂ ಶಕ್ತಿ ಬೇಕು. ಗಣಿಗಳ ಆಡಳಿತ ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಕಾವೇರಿಯ ಕರೆಂಟಿಗೆ ಒಪ್ಪಿದ್ದು ಈ ಲೆಕ್ಕದ ಮೇಲೆ.

ದೂರಕ್ಕೆ ಕಳಿಸುವಾಗ ಒತ್ತಡ ಹೆಚ್ಚಿದಷ್ಟೂ ನಷ್ಟ ಕಡಿಮೆ. ಹಾಗಾಗಿ ಈ ಲೈನಿನಲ್ಲಿದ್ದುದು 30,000 ವೋಲ್ಟಿನ ಆಸುಪಾಸಿನ ಒತ್ತಡ. ಅದನ್ನು ಅಳೆಯುವುದು ಹೇಗೆ? ಆ ಕಾಲದ ಸ್ವಿಚ್‌ಬೋರ್ಡುಗಳಲ್ಲಿ ಕಾಣುವ ಉತ್ತರ ಸರಳ, ಇಂದಿಗೂ ಬದಲಾಗಿಲ್ಲ: ಒತ್ತಡವನ್ನು ಮೀಟರಿನ ಬಳಿಗೆ ತರಬಾರದು. ನಡುವೆ ಒಂದು ಅಳತೆಯ ಟ್ರಾನ್ಸ್‌ಫಾರ್ಮರ್ ಕೂರಿಸಿ, ನೂರು ಚಿಲ್ಲರೆ ವೋಲ್ಟಿಗೆ ಇಳಿಸಿ, ಆ ಸಣ್ಣ ಸುತ್ತಿನ ಒಂದು ತುದಿಯನ್ನು ಭೂಮಿಗೆ ಜೋಡಿಸಿ, ಆಮೇಲೆ ಮುಳ್ಳಿನ ಮೀಟರಿಗೆ ಕೊಡಬೇಕು. ಇಳಿಕೆಯ ಅನುಪಾತ ಗೊತ್ತಿದ್ದರೆ ಮೀಟರಿನ ಮುಖದ ಮೇಲೆ ನಿಜವಾದ ಸಾವಿರಗಳನ್ನೇ ಬರೆಯಬಹುದು. ಸ್ವಿಚ್‌ಬೋರ್ಡಿನ ಮುಂದೆ ನಿಲ್ಲುವವನ ಕೈಗೂ ಲೈನಿಗೂ ತಾಮ್ರದ ನೇರ ಸಂಬಂಧವೇ ಇರದು. ಸಬ್‌ಸ್ಟೇಷನ್ನುಗಳಲ್ಲಿ ಪಿ.ಟಿ. ಎಂದು ಕರೆಯುವ ಈ ಸಾಧನದ ಕೆಳಸುತ್ತಿನಲ್ಲಿ ಈಗಲೂ ಸಾಮಾನ್ಯವಾಗಿ ಸಿಗುವುದು 110 ವೋಲ್ಟ್.

ಶಿವನಸಮುದ್ರದ ಕರೆಂಟಿಗೆ ಇನ್ನೊಂದು ವಿಶೇಷವಿತ್ತು: ಅದು ಸೆಕೆಂಡಿಗೆ 25 ಸೈಕಲ್. ಭಾರಿ ಮೋಟಾರುಗಳಿಗೆ, ದೂರದ ಲೈನುಗಳಿಗೆ ಆ ಕಾಲದಲ್ಲಿ ಇದನ್ನೇ ಮೆಚ್ಚುತ್ತಿದ್ದರು. ದೀಪಗಳಲ್ಲಿ ಮಾತ್ರ ಮಿಣುಕು ಕಾಣುವ ಸಂಭವ. ಮುಂದೆ 50 ಸೈಕಲ್ಲೇ ದೇಶದ ಮಾನಕವಾದಾಗ ಎರಡನ್ನೂ ಬೆರೆಸುವಂತಿರಲಿಲ್ಲ. 25ಕ್ಕೆ ಕಟ್ಟಿದ ಮೋಟಾರನ್ನು 50ಕ್ಕೆ ಜೋಡಿಸಿದರೆ ಇಮ್ಮಡಿ ವೇಗದಲ್ಲಿ ಓಡಲು ಹೋಗುತ್ತದೆ. 50ಕ್ಕೆ ಕಟ್ಟಿದ ಟ್ರಾನ್ಸ್‌ಫಾರ್ಮರಿಗೆ ಅದೇ ವೋಲ್ಟೇಜಿನ 25 ಸೈಕಲ್ ಕೊಟ್ಟರೆ ಅದರ ಕಬ್ಬಿಣದ ತಿರುಳು ಕಾಂತಬಲವನ್ನು ತಾಳಲಾರದೆ ಬಿಸಿಯಾಗುತ್ತದೆ, ಅಳತೆಯೂ ತಪ್ಪುತ್ತದೆ. ವೋಲ್ಟೇಜಿನ ಅಂಕಿಯೊಂದೇ ಸಾಲದು, ಅಲೆಯ ಗತಿಯೂ ಗೊತ್ತಿರಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಮುಳ್ಳಿನ ಮೀಟರು ಆ ಅಲೆಯನ್ನು ತೋರಿಸದು. ಅದಕ್ಕೆ ಬೇಕಾದ ಸಾಧನಗಳು ಹುಟ್ಟಿದ್ದು ಶಿವನಸಮುದ್ರದ ಯೋಜನೆ ರೂಪುಗೊಳ್ಳುತ್ತಿದ್ದ ವರ್ಷಗಳಲ್ಲೇ. 1893ರಲ್ಲಿ ಫ್ರಾನ್ಸಿನ ಆಂದ್ರೆ ಬ್ಲಾಂಡೆಲ್, 1897ರಲ್ಲಿ ಇಂಗ್ಲೆಂಡಿನ ವಿಲಿಯಂ ಡಡೆಲ್ ಆಸಿಲೋಗ್ರಾಫ್‌ಗಳನ್ನು ಕಟ್ಟಿದರು. ಡಡೆಲ್‌ನ ಸಾಧನದಲ್ಲಿ ಕಾಂತದ ನಡುವೆ ಬಿಗಿದ ಎರಡು ಪಟ್ಟಿಗಳ ಮೇಲೆ ಪುಟ್ಟ ಕನ್ನಡಿ; ಕರೆಂಟು ಹರಿದಂತೆ ಕನ್ನಡಿ ಅಲುಗಿ ಬೆಳಕಿನ ಚುಕ್ಕೆ ಅಲೆಯನ್ನು ಬರೆಯುತ್ತಿತ್ತು. ಅದೇ 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನೆಂಡ್ ಬ್ರೌನ್ ಕ್ಯಾಥೋಡ್ ಕಿರಣದ ನಳಿಕೆಯನ್ನು ತಂದ. ಆ ಕಿರಣದ ಎಲೆಕ್ಟ್ರಾನುಗಳಿಗೆ ಕನ್ನಡಿಯ ಭಾರವಿಲ್ಲವಾದ್ದರಿಂದ ಬಹಳ ಚುರುಕಿನ ಅಲೆಯನ್ನೂ ಅವು ಹಿಂಬಾಲಿಸಬಲ್ಲವು. 1947ರಲ್ಲಿ ಟೆಕ್ಟ್ರಾನಿಕ್ಸ್ ಕಂಪನಿಯ 511 ಮಾದರಿಯ ಆಸಿಲೋಸ್ಕೋಪ್ ಬಂದ ಮೇಲೆ, ಅಲೆ ನಿಗದಿತ ಮಟ್ಟ ಮುಟ್ಟಿದಾಗಲೇ ಗೆರೆ ಹೊರಡುವ ಟ್ರಿಗರ್ ವ್ಯವಸ್ಥೆ ಪ್ರಯೋಗಾಲಯಗಳಲ್ಲಿ ಬಳಕೆಗೆ ಬಂತು.

1960ರ ದಶಕದಲ್ಲಿ ಕೆಜಿಎಫ್‌ನ ಆಳಕ್ಕೆ ಸೂಕ್ಷ್ಮ ಎಲೆಕ್ಟ್ರಾನಿಕ್ಸ್ ಇಳಿಯಿತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಚಾಂಪಿಯನ್ ರೀಫ್ ಗಣಿಯಲ್ಲಿ, ಉಪಕರಣಗಳನ್ನಿಟ್ಟು 1965ರಲ್ಲಿ ವಾತಾವರಣದ ನ್ಯೂಟ್ರಿನೋಗಳ ಸುಳಿವನ್ನು ದಾಖಲಿಸಿದರು. ಗಣಿಯ ಇತಿಹಾಸವನ್ನು ಬರೀ ಚಿನ್ನದ ತೂಕದಲ್ಲಿ ಬರೆಯುವವರು ಈ ಪುಟವನ್ನು ಬಿಡಬಾರದು.

ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಈಗ ರಾಬರ್ಟ್‌ಸನ್‌ಪೇಟೆಯ ಮನೆಗಾಗಲಿ ಬಂಗಾರಪೇಟೆಯ ರಿಪೇರಿ ಅಂಗಡಿಗಾಗಲಿ ಬರುವುದು 230 ವೋಲ್ಟಿನ, 50 ಸೈಕಲ್ಲಿನ ಕರೆಂಟು. 230 ಎಂಬುದು ಅಲೆಯ ಪರಿಣಾಮಕಾರಿ ಬೆಲೆ. ಅದರ ತುದಿ ಸುಮಾರು 325 ವೋಲ್ಟ್, ಮೇಲಿನ ತುದಿಯಿಂದ ಕೆಳತುದಿಗೆ 650. ಈ ಅಲೆಯನ್ನು ಆಸಿಲೋಸ್ಕೋಪಿನಲ್ಲಿ ನೋಡಲು ಹತ್ತು ಪಟ್ಟು ಇಳಿಸುವ ಪ್ರೋಬ್ (ಅಳೆಯುವ ಜಾಗಕ್ಕೆ ತಾಗಿಸುವ ಮೊನೆಯ ತಂತಿ) ಬಳಸಿದರೆ 65 ವೋಲ್ಟ್ ಉಳಿಯುತ್ತದೆ. ಪರದೆಯ ಎಂಟು ಚೌಕಗಳಲ್ಲಿ ಚೌಕಕ್ಕೆ 5 ವೋಲ್ಟಿನಂತೆ 40 ಮಾತ್ರ ಹಿಡಿಯುವ ಆಸಿಲೋಸ್ಕೋಪಿನಲ್ಲಿ ಅಲೆಯ ತಲೆ ಕಾಲು ಎರಡೂ ಕತ್ತರಿಸಿಹೋಗುತ್ತವೆ. ನೂರು ಪಟ್ಟು ಇಳಿಸುವ ಪ್ರೋಬ್ ಇದ್ದರೆ ಆರೂವರೆ ವೋಲ್ಟ್. ಆಗ ಪೂರ್ತಿ ಕಾಣುತ್ತದೆ.

ನಿಜವಾದ ಅಪಾಯ ಇರುವುದು ಪ್ರೋಬಿನ ಮೊನೆಯಲ್ಲಲ್ಲ, ಅದರ ಮೊಸಳೆ ಕ್ಲಿಪ್ಪಿನಲ್ಲಿ. ಕ್ಲಿಪ್ಪಿನ ತಂತಿ ಆಸಿಲೋಸ್ಕೋಪಿನ ಲೋಹದ ಮೈಗೂ, ಅಲ್ಲಿಂದ ಮೂರನೆಯ ಪಿನ್ನಿನ ಮೂಲಕ ಮನೆಯ ಅರ್ತಿಗೂ ನೇರವಾಗಿ ಸೇರಿರುತ್ತದೆ. ಅದನ್ನು ಫೇಸಿಗೆ ಕಚ್ಚಿಸಿದರೆ ಫೇಸೂ ಭೂಮಿಯೂ ಒಂದಾಗಿ, ಕಿಡಿಯೆದ್ದು, ತೆಳು ತಂತಿ ಕರಗುತ್ತದೆ. ಇದನ್ನು ತಪ್ಪಿಸಲೆಂದು ಅರ್ತ್ ಪಿನ್ನನ್ನೇ ಕಿತ್ತುಹಾಕುವುದು ಅದಕ್ಕಿಂತ ಕೆಟ್ಟದ್ದು: ಆಗ ಕ್ಲಿಪ್ಪು ಮುಟ್ಟಿದ ಫೇಸು ಯಂತ್ರದ ಇಡೀ ಮೈಗೆ ಹರಡುತ್ತದೆ, ಗುಂಡಿ ತಿರುಗಿಸುವ ಕೈಗೂ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ತ್ ತಂತಿ ಇರದಿರಬಹುದು. ಅದನ್ನು ಮೊದಲೇ ಪರೀಕ್ಷಿಸಬೇಕು.

ಸರಿಯಾದ ದಾರಿ ಡಿಫರೆನ್ಷಿಯಲ್ ಪ್ರೋಬ್. ಅದರ ಎರಡು ಮೊನೆಗಳೂ ದೊಡ್ಡ ರೋಧಗಳ ಹಿಂದಿರುತ್ತವೆ. ಫೇಸು ನ್ಯೂಟ್ರಲ್‌ಗಳ ವ್ಯತ್ಯಾಸ ಮಾತ್ರ ಇಳಿದು ಆಸಿಲೋಸ್ಕೋಪಿಗೆ ಬರುತ್ತದೆ. ಅದಿಲ್ಲದಿದ್ದರೆ ಒಂದೇ ಬಗೆಯ ಎರಡು ಪ್ರೋಬ್‌ಗಳ ಮೊನೆಗಳನ್ನು ಫೇಸಿಗೂ ನ್ಯೂಟ್ರಲ್‌ಗೂ ತಾಗಿಸಿ, ಕ್ಲಿಪ್ಪುಗಳನ್ನು ಎಲ್ಲಿಯೂ ಜೋಡಿಸದೆ, ಒಂದು ಚಾನೆಲ್‌ನಿಂದ ಇನ್ನೊಂದನ್ನು ಕಳೆದು ನೋಡಬಹುದು. ಅಲೆಯ ಆಕಾರವಷ್ಟೇ ಸಾಕೆನ್ನುವವರಿಗೆ 230ರಿಂದ 12 ವೋಲ್ಟಿಗೆ ಇಳಿಸುವ, ಸುತ್ತುಗಳು ಬೇರೆಬೇರೆಯಾಗಿರುವ ಪುಟ್ಟ ಟ್ರಾನ್ಸ್‌ಫಾರ್ಮರ್ ಸಾಕು. 1902ರ ಸ್ವಿಚ್‌ಬೋರ್ಡಿನ ವಿಧಾನವೇ ಅದು. ತಿರುಳಿನಿಂದ ಆಕಾರ ತುಸು ಕೆಡುವುದನ್ನು ಒಪ್ಪಿಕೊಳ್ಳಬೇಕು.

ಯಾವ ದಾರಿ ಹಿಡಿದರೂ ಪ್ರೋಬಿನ ಮೇಲೆ ಬರೆದ ವೋಲ್ಟೇಜು ಮತ್ತು ಸುರಕ್ಷತಾ ವರ್ಗ (CAT) ಎರಡನ್ನೂ ಓದಬೇಕು. ಗೋಡೆಯ ಸಾಕೆಟ್ಟಿಗೆ ಎರಡನೆಯ ವರ್ಗ, ಮನೆಯ ಫ್ಯೂಸು ಮತ್ತು ಬ್ರೇಕರ್‌ಗಳ ಬೋರ್ಡಿಗೆ ಮೂರನೆಯದು, ಕಂಬದಿಂದ ಮೀಟರಿಗೆ ಬರುವ ಸರ್ವಿಸ್ ತಂತಿಗೆ ನಾಲ್ಕನೆಯದು. ಮೇಲಿನ ವರ್ಗಗಳಲ್ಲಿ ಶಾರ್ಟ್ ಆದರೆ ಹರಿಯುವ ಕರೆಂಟು ಬಹಳ ದೊಡ್ಡದು. ಅಲ್ಲಿ ಅಳೆಯುವುದು ತರಬೇತಾದ ಎಲೆಕ್ಟ್ರಿಷಿಯನ್ನರ ಕೆಲಸ. ಸ್ವಿಚ್ ಆರಿಸಿ ಪ್ರೋಬ್ ಜೋಡಿಸಬೇಕು, ಕೈ ತೆಗೆದ ಮೇಲೆ ಸ್ವಿಚ್ ಹಾಕಬೇಕು, ಬಿಚ್ಚುವ ಮುನ್ನ ಮತ್ತೆ ಆರಿಸಬೇಕು.